ಶಬ್ರೀನಳ ಕಾರ್ಡುಗಳು

ಮುಚ್ಚಿದ ಬಾಗಿಲ ಆಚೆಯಿಂದ ಗಂಡಸಿನ ದನಿ ಬಂತು. "ಶಬ್ರೀನಾ ಜೀ, ತಯಾರ್ ಹೋ?"

ಬೀಬೀಜಾನ ಒಣಗಿದ ಬಟ್ಟೆಗಳ ಗಂಟನ್ನು ಎದೆಗವಚಿಕೊಂಡು ಇದ್ದಲ್ಲೇ ನಿಂತಳು. ಮಗ ಅಫ್ತಾಬ ಬೆಳಿಗ್ಗೆಯೇ ಬಾಂದ್ರಾಕ್ಕೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಇದ್ದದ್ದು ಅತ್ತೆ ಸೊಸೆ ಇಬ್ಬರೇ. ಒಳಗಿನ ದನಿ ಎಳೆಯದು, ಸಲಿಗೆಯದು, ನಗುನಗುತ್ತಲೇ ಮಾತಾಡುವ ಹುಡುಗರದ್ದು. "ಆಂಖೇ ಬಂದ್ ಮತ್ ಕರನಾ," ಕಣ್ಣು ಮುಚ್ಚಬೇಡಿ ಎಂದಿತು. ಆಮೇಲೆ ಏನೋ ಚರ್ರನೆ ಹರಿದ ಸದ್ದು. ಸೊಸೆ ಉಸಿರನ್ನು ಒಳಗೆಳೆದುಕೊಂಡದ್ದು ಬಾಗಿಲ ಈಚೆಗೂ ಕೇಳಿಸಿತು.

ಬೀಬೀಜಾನ ಕೆಮ್ಮಿದಳು. ದನಿ ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದ ಶಬ್ರೀನಳ ಕಿವಿಯ ಬುಡ ಕೆಂಪಾಗಿತ್ತು. ಹಾಸಿಗೆಯ ಮೇಲೆ ಮೊಬೈಲು ಬೋರಲು ಬಿದ್ದಿತ್ತು.

"ಯಾರ ಜೋಡಿ ಮಾತಾಡಾಕತ್ತಿದ್ದಿ?"

"ಲ್ಯಾಬ್ ಕಾ ಫೋನ್ ಥಾ ಅಮ್ಮಾ," ಎಂದಳು ಶಬ್ರೀನ. ಅತ್ತೆಯ ಕೈಯಿಂದ ಬಟ್ಟೆಗಳನ್ನು ತೆಗೆದುಕೊಂಡು, ಯಾರೂ ಹೇಳದೆಯೇ ಮಡಚಲು ಕುಳಿತಳು. ಹೇಳದೆ ಮಾಡುವ ಕೆಲಸ ಬೀಬೀಜಾನಳಿಗೆ ಒಳ್ಳೆಯದೆನಿಸಲಿಲ್ಲ.

ಶಬ್ರೀನ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸದವಳು. ನಸುಕಿನಲ್ಲೇ ಎದ್ದು ಪವಾಯಿಯ ದೊಡ್ಡ ದೊಡ್ಡ ಬಿಲ್ಡಿಂಗುಗಳಿಗೆ ಹೋಗಿ, ಉಪವಾಸ ಕುಳಿತ ಜನರ ತೋಳಿಗೆ ಸೂಜಿ ಚುಚ್ಚಿ, ಸೀಸೆಗಳನ್ನು ಲ್ಯಾಬಿಗೆ ಮುಟ್ಟಿಸಿ ಮಧ್ಯಾಹ್ನದ ಹೊತ್ತಿಗೆ ಘಾಟ್ಕೋಪರಿನ ಮನೆ ಸೇರುತ್ತಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಅವಳ ಅಪ್ಪ ಕಲಬುರಗಿ ಕಡೆಯವನಾದ್ದರಿಂದ ಕನ್ನಡ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಸಲೀಸಾಗಿ ಬರುತ್ತಿರಲಿಲ್ಲ. ಮನೆಯಲ್ಲಿ ದಖನಿ ಉರ್ದುವೂ ಕನ್ನಡವೂ ಬೆರೆತು ನಡೆಯುತ್ತಿದ್ದವು. ಅಕ್ಕಪಕ್ಕದವರ ಕಿವಿಗೆ ಬೀಳಬಾರದ ಮಾತಿದ್ದರೆ ಮಾತ್ರ ಬೀಬೀಜಾನ ಇಂಡಿ ತಾಲೂಕಿನ ತನ್ನ ಹಳ್ಳಿಯ ಅಚ್ಚ ಕನ್ನಡಕ್ಕೆ ಇಳಿಯುತ್ತಿದ್ದಳು. ಆ ಗೋಡೆಗಳು ಅಷ್ಟು ತೆಳು.

ಅವತ್ತಿನಿಂದ ಅವಳ ಕಣ್ಣು ಸೊಸೆಯ ಬೆನ್ನು ಬಿಡಲಿಲ್ಲ. ನೋಡತೊಡಗಿದ ಮೇಲೆ ಕಾಣಿಸುವುದು ಬಹಳವಿತ್ತು. ಶಬ್ರೀನ ಊಟದ ನಡುವೆ ಮೊಬೈಲು ನೋಡಿ ತಟ್ಟೆಯನ್ನು ಹಾಗೇ ಸರಿಸುತ್ತಿದ್ದಳು. ಅಫ್ತಾಬ ಕೋಣೆಗೆ ಬಂದರೆ ಮೊಬೈಲು ದಿಂಬಿನಡಿ ಹೋಗುತ್ತಿತ್ತು. ಗುಡಿಸುವಾಗ ಕಪಾಟಿನ ಹಿಂದೆ ಬೆಳ್ಳಿಬಣ್ಣದ ಮಿರಮಿರ ಹೊಳೆಯುವ ಕಾಗದದ ಚೂರುಗಳು ಸಿಕ್ಕವು. ಚಾಕಲೇಟಿನದಲ್ಲ. ಮೂಸಿ ನೋಡಿದರೆ ಸಿಹಿ ವಾಸನೆ ಇರಲಿಲ್ಲ. ಹೊಸ ಪುಸ್ತಕದ ವಾಸನೆ ಇತ್ತು.

ಒಂದು ದಿನ ಶಬ್ರೀನ ಪಾತ್ರೆ ತೊಳೆಯುತ್ತಿದ್ದಾಗ ಬೀಬೀಜಾನ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಸ್ಟೀಲಿನ ಬುಟ್ಟಿಗೆ ಸೊಸೆಯ ಕೈಯ ಪಾಟ್ಲಿ ಬಳೆ ತಗುಲಿ ಟಣ್ಣೆಂದಿತು. ಬೀಬೀಜಾನಳ ಕೈ ನಿಂತಿತು. ಆ ಪಾಟ್ಲಿಗಳು ಬೀಬೀಜಾನಳವೇ, ಮದುವೆಯಲ್ಲಿ ಸೊಸೆಗೆ ತೊಡಿಸಿದ್ದು. ಗಂಡ ಗನಿಸಾಬ ಬದುಕಿದ್ದಾಗ ವಿಜಯಪುರದಿಂದ ಮಾಡಿಸಿ ತಂದದ್ದು. ಮುಕ್ಕಾಲು ಆಯುಷ್ಯ ತನ್ನ ಕೈಯಲ್ಲಿದ್ದ ಬಂಗಾರ ಪಾತ್ರೆಗೆ ಬಡಿದರೆ ಹೇಗೆ ಕೇಳಿಸುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದು ಮೆತ್ತಗಿನ, ಹೊಟ್ಟೆಯೊಳಗಿನ ಸದ್ದು. ಇದು ಟಣ್ಣೆಂದಿತ್ತು.

"ಪಾಟ್ಲಿ ಯಾಕೋ ಹೊಸಾವ ಇದ್ದಂಗ ಕಾಣ್ತಾವಲ್ಲ?"

"ಪಾಲಿಶ್ ಕರಾಯಾ, ಅಮ್ಮಾ," ಎಂದಳು ಶಬ್ರೀನ. ತಿರುಗಿ ನೋಡಲಿಲ್ಲ. ನಲ್ಲಿಯನ್ನು ಜೋರಾಗಿ ಬಿಟ್ಟಳು.

ಯಾವನೋ ಒಬ್ಬ ಇದ್ದಾನೆ, ಬಂಗಾರವೂ ಅವನ ಪಾಲಾಗಿದೆ ಎಂದು ಬೀಬೀಜಾನಳ ಮನಸ್ಸು ಲೆಕ್ಕ ಕೂಡಿಸಿಬಿಟ್ಟಿತು. ಆ ಸಂಜೆ ಅಫ್ತಾಬ ಬಂದು ಕಾಲು ತೊಳೆದುಕೊಂಡು ಕೂತಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಫ್ತಾಬ ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಸಿಟ್ಟು ಬಂದರೆ ಮಾತು ಪೂರ್ತಿ ನಿಂತೇ ಹೋಗುತ್ತಿತ್ತು. ಅವನ ಮುಂದೆ ಚಹಾ ಇಟ್ಟಳು. ತಿರುಗಿ ಒಲೆಯ ಕಡೆ ಹೋದಳು.

ಅವಳನ್ನು ತಡೆದದ್ದು ತಂಗಿ ಜೇಬುನ್ನೀಸಾಳ ನೆನಪು. ಜೇಬುನ್ನೀಸಾಳನ್ನು ಗಂಡನ ಮನೆಯವರು ಒಂದು ಮಾತಿನ ಮೇಲೆ ತವರಿಗೆ ತಂದು ಬಿಟ್ಟಿದ್ದರು. ಬಳೆಗಾರನ ಜೊತೆ ನಗುತ್ತಿದ್ದಳು ಎಂದು ಅತ್ತೆ ಹೇಳಿದ ಮಾತು. ನಕ್ಕಿದ್ದಳೋ ಇಲ್ಲವೋ ಯಾರೂ ವಿಚಾರಿಸಲಿಲ್ಲ, ಜೇಬುನ್ನೀಸಾ ಮತ್ತೆ ಯಾವತ್ತೂ ಬಳೆ ತೊಡಲಿಲ್ಲ. ಕಣ್ಣಾರೆ ಕಾಣದೆ ಬಾಯಿ ಬಿಡಬಾರದು ಎಂದುಕೊಂಡಳು ಬೀಬೀಜಾನ. ಕಂಡ ಮೇಲೆ ಸುಮ್ಮನೆ ಬಿಡುವುದೂ ಇಲ್ಲ.

ಕಾಣುವ ದಾರಿ ತಾನಾಗಿ ಸಿಕ್ಕಿತು. ಮರುವಾರ ಅವಳು ತರಕಾರಿಗೆಂದು ಕೆಳಗಿಳಿದಾಗ ಗೇಟಿನ ವಾಚ್‌ಮನ್ ಕರೆದ. ಹೊಸಬ, ಬಂದು ನಾಲ್ಕು ದಿನವೂ ಆಗಿರಲಿಲ್ಲ. ಶಬ್ರೀನ ಮೇಡಂ ಅವರ ಪಾರ್ಸೆಲ್ ಇದೆ ಎಂದು ಒಂದು ಚಿಕ್ಕ ಪೆಟ್ಟಿಗೆ ಕೈಗಿಟ್ಟ. ಕೊಟ್ಟ ಮೇಲೆ, ಮನೆಗೆ ಕೊಡಬೇಡ ಎಂದದ್ದು ನೆನಪಾಗಿ ಹಣೆ ಬಡಿದುಕೊಂಡ.

"ಅರೆ, ಘರ್ ಪೇ ಮತ್ ದೇನಾ, ಐಸಾ ಬೋಲಾ ಥಾ ಮೇಡಂ ನೇ. ಪುರಾನಾ ವಾಚ್‌ಮನ್ ಬತಾಕೇ ಗಯಾ ಥಾ."

"ಮೈ ಉಸಕೀ ಸಾಸ್ ಹೂಂ," ಎಂದಳು ಬೀಬೀಜಾನ. ಪೆಟ್ಟಿಗೆ ಆಗಲೇ ಅವಳ ಬುರ್ಖಾದೊಳಗೆ ಸೇರಿತ್ತು.

ಕಳಿಸಿದವನ ವಿಳಾಸ ಇಂಗ್ಲಿಷಿನಲ್ಲಿತ್ತು. ಆಟೋದವನೊಬ್ಬನಿಗೆ ತೋರಿಸಿದಳು. ಪವಾಯಿ ಎಂದ. ಪವಾಯಿ! ಶಬ್ರೀನ ದಿನಾ ಹೋಗುವ ಜಾಗ. ಬೀಬೀಜಾನ ತರಕಾರಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಆಟೋ ಹತ್ತಿದಳು. ಘಾಟ್ಕೋಪರಿನ ಮಾರ್ಕೆಟ್ಟು ಬಿಟ್ಟು ಆಚೆ ಒಬ್ಬಳೇ ಹೋದದ್ದೇ ಕಡಿಮೆ. ದಾರಿಯುದ್ದಕ್ಕೂ ಅವನಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತ ಕೂತಳು. ಆಡಬಾರದ ಮಾತುಗಳೆಲ್ಲ ಹಳ್ಳಿಯ ಕನ್ನಡದಲ್ಲೇ ಒದಗಿ ಬಂದವು.

ಆಟೋದವನು ಇಳಿಸಿದ್ದು ಒಂದು ಶಾಪಿಂಗ್ ಕಾಂಪ್ಲೆಕ್ಸಿನ ಮುಂದೆ. ಮೆಟ್ಟಿಲು ಇಳಿದು ಹೋದರೆ ನೆಲಮಾಳಿಗೆಯಲ್ಲಿ ಜೆರಾಕ್ಸ್ ಅಂಗಡಿಯ ಪಕ್ಕ ಒಂದು ಗಾಜಿನ ಬಾಗಿಲು. ಅದನ್ನು ತಳ್ಳುತ್ತಿದ್ದಂತೆ ಆ ದನಿ ಕೇಳಿಸಿತು.

"ತಯಾರ್ ಹೋ, ದೋಸ್ತೋಂ?"

ಬಿಳಿ ಬೆಳಕಿನ ದೊಡ್ಡ ಬಳೆಯಂಥ ದೀಪದ ಮುಂದೆ, ಕಂಬಿಗೆ ಸಿಕ್ಕಿಸಿದ ಮೊಬೈಲಿನತ್ತ ನೋಡುತ್ತ ಒಬ್ಬ ಕುಳಿತಿದ್ದ. ಕನ್ನಡಕ, ಕುರುಚಲು ಗಡ್ಡ. ಕಪ್ಪು ಬಟ್ಟೆ ಹಾಸಿದ ಮೇಜಿನ ಮೇಲೆ ಬೆಳ್ಳಿಬಣ್ಣದ ಪೊಟ್ಟಣಗಳ ರಾಶಿ. ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಚರ್ರೆಂದು ಹರಿದ.

"ಇವನ ದನಿನ ಅದು. ಇವನ ಬಾಯಾಗ ಮಣ್ಣ ಬೀಳಲಿ," ಎಂದಳು ಬೀಬೀಜಾನ, ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ ಗಟ್ಟಿಯಾಗಿಯೇ.

ಅವನು ತಲೆಯೆತ್ತಿದ. ಮೊಬೈಲಿಗೆ "ದೋ ಮಿನಿಟ್" ಎಂದು ಹೇಳಿ ಅದರ ಮೇಲೆ ಬಟ್ಟೆ ಮುಚ್ಚಿ ಎದ್ದು ಬಂದ. "ಎಂತ ಅಮ್ಮ? ನನ್ನ ಬಾಯಿಗೆ ಮಣ್ಣು ಯಾಕೆ?"

ಬೀಬೀಜಾನ ಒಂದು ಗಳಿಗೆ ತಬ್ಬಿಬ್ಬಾದಳು. ಅವನ ಹೆಸರು ಸುಕೇಶ್. ಅಪ್ಪನದು ಉಡುಪಿ ಕಡೆಯ ಊರು, ಇಲ್ಲಿ ಹೋಟೆಲು. ಗಲ್ಲಾದ ಮೇಲೆ ಕೂರಲು ಬೇಜಾರಾಗಿ ಈ ಅಂಗಡಿ ಹಾಕಿದ್ದಾಗಿ ಆಮೇಲೆ ಹೇಳಿದ. ಆ ಹೊತ್ತಿಗೆ ಅವಳು ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಕನ್ನಡ ಬರತೈತೆಲ್ಲ, ಛಲೋ ಆತು. ಹೇಳು, ನನ್ನ ಸೊಸಿ ನಿನಗ ಏನಾಗಬೇಕು?"

"ಯಾರು ಸೊಸೆ?"

"ಶಬ್ರೀನ. ಮನ್ನೆ ನಮ್ಮ ಮನ್ಯಾಗ ಆಕಿ ಹೆಸರ ಹಿಡದು ಕರದಿ. ನಾ ಈ ಕಿವಿಲೆ ಕೇಳೀನಿ."

ಸುಕೇಶ್ ನಗಲು ಹೊರಟವನು ಅವಳ ಮುಖ ನೋಡಿ ತಡೆದುಕೊಂಡ. ಕುರ್ಚಿ ಎಳೆದು ಕೂರಿಸಿದ. "ಅಯ್ಯೋ ಅಮ್ಮ, ನೀವು ಎಂತ ಗ್ರಹಿಸಿದ್ದೀರಿ? ನಾನು ಅವರ ಮುಖ ಕೂಡ ನೋಡ್ಲಿಲ್ಲ. ಇಲ್ಲಿ ಕೂತು ನಾನು ಲೈವ್ ಮಾಡುವುದು. ಅವರು ಮನೆಯಲ್ಲಿ ಮೊಬೈಲಿನಲ್ಲಿ ನೋಡ್ತಾ ದುಡ್ಡು ಕಳಿಸ್ತಾರೆ, ಅವರ ಹೆಸರು ಹೇಳಿ ಪ್ಯಾಕ್ ಒಡೀತೇನೆ. ಒಳಗೆ ಬಂದ ಕಾರ್ಡು ಅವರದ್ದು. ಅಷ್ಟೇ."

ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಬಿಚ್ಚಿ ತೋರಿಸಿದ. ರೆಕ್ಕೆಯ ಹಾವುಗಳು, ಬೆಂಕಿ ಉಗುಳುವ ನರಿ, ಮೂರು ತಲೆಯ ಆಮೆ. ಅಂಗೈಯಗಲದ ದಪ್ಪ ಕಾಗದಗಳು, ಓರೆ ಹಿಡಿದರೆ ಮಿನುಗುತ್ತಿದ್ದವು.

"ಇದರಲೆ ಆಟಾ ಆಡ್ತಾರೇನು?"

"ಆಡುವವರು ಉಂಟು. ಕೂಡಿಸಿ ಮಾರುವವರೂ ಉಂಟು. ಮೇಡಂ ಆಡುವುದೂ ಇಲ್ಲ, ಮಾರುವುದೂ ಇಲ್ಲ."

"ಮತ್ತ?"

"ಅವರಿಗೆ ಒಡೆಯುವುದು ಬೇಕು. ಅಷ್ಟೇ ಅಮ್ಮ."

ಎದೆಯ ಮೇಲಿನ ಕಲ್ಲು ಸರಿದಂತಾಗಿ ಬೀಬೀಜಾನಳಿಗೆ ಗಟ್ಟಿಯಾಗಿ ನಗಬೇಕೆನಿಸಿತು. ಗಂಡಸು ಇಲ್ಲ. ಮಕ್ಕಳಾಟಿಕೆಯ ಕಾಗದ! ಅವನು ತರಿಸಿದ ಚಹಾವನ್ನೂ ಕುಡಿದಳು. ಅರ್ಧ ಕುಡಿದಾಗ ಪಾಟ್ಲಿಯ ಟಣ್ ಸದ್ದು ನೆನಪಾಯಿತು.

"ಇದಕ್ಕ ಬಂಗಾರ ಮಾರೂವಷ್ಟು ರೊಕ್ಕ ಬೇಕಾಗತೈತೇನು?"

ಸುಕೇಶ್ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ನನಗೆ ಬಂಗಾರದ ವಿಷಯ ಗೊತ್ತಿಲ್ಲಮ್ಮ. ಕೆಲವರು ಹುಟ್ಟುಹಬ್ಬಕ್ಕೆ ಒಂದು ಪ್ಯಾಕ್ ತಗೊಳ್ತಾರೆ. ಮೇಡಂ ದಿನಾ ಬರ್ತಾರೆ. ಕೆಲವು ಸಲ ಲೈವ್ ಮುಗಿದ ಮೇಲೆಯೂ ಇನ್ನೊಂದು, ಇನ್ನೊಂದು ಅಂತ ಮೆಸೇಜ್ ಮಾಡ್ತಾರೆ."

"ಹಂಗಿದ್ರ ನೀ ಬ್ಯಾಡ ಅನಬೇಕಾಗಿತ್ತಿಲ್ಲೋ?"

"ಬೇಡ ಅಂತ ಹೇಳುವ ಅಂಗಡಿ ಎಲ್ಲುಂಟು ಅಮ್ಮ?" ಎಂದ. ಆಮೇಲೆ ತುಸು ನಾಚಿ, "ಆಯ್ತು, ಇನ್ನು ಅವರಿಗೆ ಕೊಡುವುದಿಲ್ಲ. ಆದರೆ ನನ್ನ ಹಾಗೆ ಲೈವ್ ಮಾಡುವವರು ಊರು ತುಂಬ ಇದ್ದಾರೆ. ಅದನ್ನು ನೀವೇ ನೋಡ್ಕೊಳ್ಳಬೇಕು," ಎಂದ.

ಅವಳು ಮೆಟ್ಟಿಲು ಹತ್ತುವಾಗ ಹಿಂದೆ ಮತ್ತೆ ಪೊಟ್ಟಣ ಹರಿದ ಸದ್ದಾಯಿತು.

ಮನೆಗೆ ಬಂದರೆ ಶಬ್ರೀನ ಬಾಗಿಲಲ್ಲೇ ನಿಂತಿದ್ದಳು. ಲ್ಯಾಬಿನ ಬಿಳಿ ಕೋಟು ಇನ್ನೂ ಮೈಮೇಲಿತ್ತು. ವಾಚ್‌ಮನ್ ಹೇಳಿರಬೇಕು. ಬೀಬೀಜಾನ ಬಾಗಿಲು ಹಾಕಿ, ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅದರ ಪಕ್ಕ ಕೂತಳು.

"ಪಾಟ್ಲಿ ಎಲ್ಲಿ ಅದಾವ?"

ಶಬ್ರೀನ ಸುಳ್ಳು ಹುಡುಕಿದ್ದು ಮುಖದಲ್ಲೇ ಕಂಡಿತು. ಸಿಗಲಿಲ್ಲ. ಗೋಡೆಗೆ ಒರಗಿ ಜಾರಿ ಕುಳಿತಳು. "ಬೇಚ್ ದಿಯಾ," ಎಂದಳು.

"ಕನ್ನಡದಾಗ ಹೇಳು. ಗ್ವಾಡಿಗೆ ಕಿವಿ ಅದಾವ."

"ಮಾರಿದೆ."

ಸಂಜೆಯ ಬಿಸಿಲು ಕಿಟಕಿಯ ಸರಳುಗಳನ್ನು ನೆಲದ ಮೇಲೆ ಉದ್ದುದ್ದ ಎಳೆದಿತ್ತು. ಶಬ್ರೀನ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ತಡವರಿಸುತ್ತ ಹೇಳಿದಳು. ಪವಾಯಿಯ ಒಂದು ಮನೆಯಲ್ಲಿ ಸೂಜಿಗೆ ಹೆದರಿ ಅಳುತ್ತಿದ್ದ ಹುಡುಗಿಯ ಕೈಗೆ ತಾಯಿ ಇಂಥದೊಂದು ಪೊಟ್ಟಣ ಕೊಟ್ಟಿದ್ದಳಂತೆ. ಹುಡುಗಿ ಅದನ್ನು ಹರಿಯುವುದರಲ್ಲಿ ಮೈಮರೆತು, ರಕ್ತ ತೆಗೆದದ್ದೇ ತಿಳಿಯಲಿಲ್ಲವಂತೆ. ಶಬ್ರೀನ ಹೊರಡುವಾಗ ಆ ತಾಯಿ ಇವಳಿಗೂ ಒಂದು ಪೊಟ್ಟಣ ಕೊಟ್ಟಳು. ಆಟೋದಲ್ಲಿ ಕೂತು ಹರಿದರೆ ಒಳಗೆ ಹೊಂಬಣ್ಣದ ಹಕ್ಕಿ. ಅದು ಸಿಗುವುದೇ ಅಪರೂಪ ಎಂದು ಆಮೇಲೆ ಮೊಬೈಲಿನಲ್ಲಿ ಓದಿ ತಿಳಿದಳು.

"ನಮ್ಮ ಮನೆಯಲ್ಲಿ ನಾವು ನಾಲ್ಕು ಅಕ್ಕ ತಂಗಿ, ಅಮ್ಮಾ. ನನಗೆ ಎಲ್ಲಾ ಖುಲಾ ಹುವಾ, ಅಕ್ಕಂದಿರು ಬಿಚ್ಚಿದ ಪುರಾನಾ ಬರೂದು. ಬಂದ್ ಚೀಜ್ ನಾನು ಯಾವತ್ತೂ..." ಮಾತು ಹುಡುಕಿದಳು. "ಹರಿಯೂ ಮುಂಚೆ ಅದರಾಗ ಏನ್ ಬೇಕಾದ್ರೂ ಇರಬಹುದು ನೋಡ್ರಿ. ತಬ್ ತಕ್ ಸಬ್ ಅಚ್ಛಾ ಹೈ. ಹರದ ಮ್ಯಾಲೆ ಮುಗೀತು. ಫಿರ್ ಏಕ್ ಔರ್."

"ಹೊಳ್ಳಿ ಆ ಹಕ್ಕಿ ಬಂತೇನು?"

"ಎರಡು ಸಲ ಬಂತು."

"ಬಂದಾಗರ ನಿಂದರಬೇಕಿತ್ತಿಲ್ಲ?"

ಶಬ್ರೀನ ಎದ್ದು ಸ್ಟೂಲು ಹತ್ತಿ ಮೇಲಿನ ಲಾಫ್ಟಿನಿಂದ ರಜಾಯಿಗಳ ಹಿಂದಿದ್ದ ಚೀಲಗಳನ್ನು ಇಳಿಸಿದಳು. ಒಂದಾದ ಮೇಲೊಂದು ಬರುತ್ತಲೇ ಇದ್ದವು. ಒಂದೊಂದು ಕಾರ್ಡಿಗೂ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿಟ್ಟಿದ್ದಳು. ಬೀಬೀಜಾನಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಒಬ್ಬ ಗಂಡಸಿದ್ದಿದ್ದರೆ ಅವನನ್ನು ಬಯ್ದು ಅಟ್ಟಬಹುದಿತ್ತು.

"ನನ್ನ ಮುಂದ ಆ ಮೊಬೈಲಿನ್ಯಾಗಿಂದ ಎಲ್ಲಾ ತಗದು ಹಾಕು," ಎಂದಳು. "ಪಾಟ್ಲಿ ಮಾತು ಮಾತ್ರ ಅಫ್ತಾಬಗ ನೀನ ಹೇಳಬೇಕು. ನಾ ಹೇಳಿದ್ರ ಅದು ಅತ್ತಿ ಹಚ್ಚಿಕೊಟ್ಟ ಮಾತಾಗತೈತಿ."

ಶಬ್ರೀನ ಎಲ್ಲ ತೆಗೆದು ಹಾಕಿದಳು. ಹೇಳುತ್ತೇನೆ ಎಂದೂ ಒಪ್ಪಿದಳು. ಅವತ್ತು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಅಫ್ತಾಬನಿಗೆ ತಲೆನೋವಿದೆ ಎಂದಳು, ಶುಕ್ರವಾರ ಆಗಲಿ ಎಂದಳು. ಶುಕ್ರವಾರವೂ ಕಳೆಯಿತು.

ಅಷ್ಟರಲ್ಲಿ ಅಫ್ತಾಬನೇ ತಾಯಿಯನ್ನು ಕೇಳಿದ. ನಮಾಜು ಮುಗಿಸಿ ಬಂದವನು ಅಡಿಗೆಮನೆಯ ಬಾಗಿಲಿಗೆ ಭುಜ ಕೊಟ್ಟು ನಿಂತ. ಶಬ್ರೀನ ಸ್ನಾನಕ್ಕೆ ಹೋಗಿದ್ದಳು.

"ಅಮ್ಮಾ, ನಾ ಇಲ್ಲದಾಗ ಮನ್ಯಾಗ ಯಾರೋ ಗಂಡಸು ಮಾತಾಡೂದು ಕೇಳಸತೈತಂತ. ಕೆಳಗಿನ ಮನಿಯವರು ಲಿಫ್ಟಿನ್ಯಾಗ ನಕ್ಕೋತ ಹೇಳಿದ್ರು. ನೀ ದಿನಾ ಮನ್ಯಾಗ ಇರ್ತಿ. ಏನರ ನೋಡಿಯೇನು?"

"ಅಂಗಡಿಯಾಂವನ ಫೋನು ಅದು," ಎಂದಳು ಬೀಬೀಜಾನ. ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಯಾವ ಅಂಗಡಿ?"

"ಹಿಂಗ... ಆನ್‌ಲೈನದು. ಹೆಣ್ಮಕ್ಕಳದು ಏನರ ಇರತೈತಿ, ನಿನಗ್ಯಾಕ?"

ಅವನು ತಾಯಿಯನ್ನು ನೋಡಿದ. ತಂತಿಯ ಎಳೆ ಎಲ್ಲಿ ಸವೆದಿದೆ ಎಂದು ಬೆರಳು ಆಡಿಸಿ ನೋಡುವವನಂತೆ ನೋಡಿದ. ತಿರುಗಿ ಕೋಣೆಗೆ ಹೋದ. ಆವತ್ತಿನಿಂದ ಅವನು ಕೆಲಸದ ನಡುವೆ ಹೊತ್ತಲ್ಲದ ಹೊತ್ತಿಗೆ ಫೋನು ಮಾಡತೊಡಗಿದ. ಒಮ್ಮೆ ಹೆಂಡತಿಗೆ, ಅದರ ಬೆನ್ನಿಗೇ ತಾಯಿಗೆ. ಇಬ್ಬರ ಉತ್ತರವೂ ಒಂದೇ ಇದೆಯೇ ಎಂದು ತಾಳೆ ನೋಡುತ್ತಿದ್ದಾನೆಂದು ಬೀಬೀಜಾನಳಿಗೆ ಅರ್ಥವಾಯಿತು. ಹೆತ್ತ ಮಗ ತನ್ನನ್ನೂ ಅನುಮಾನದಲ್ಲಿ ಸೇರಿಸಿಕೊಂಡಿದ್ದ. ತಾನು ಸೊಸೆಯನ್ನು ಉಳಿಸುತ್ತಿದ್ದೇನೋ, ಮಗನಿಗೆ ಮೋಸ ಮಾಡುತ್ತಿದ್ದೇನೋ ಅವಳಿಗೇ ತಿಳಿಯದಾಯಿತು. ಶಬ್ರೀನಳಂತೂ ಫೋನು ಹೊಡೆದುಕೊಂಡರೆ ಬೆಚ್ಚಿಬೀಳುತ್ತಿದ್ದಳು. ಒಂದು ದಿನ ಯಾರದೋ ತೋಳಿನಲ್ಲಿ ಮೂರು ಸಲ ಚುಚ್ಚಿದರೂ ನರ ಸಿಗದೆ ಬಯ್ಯಿಸಿಕೊಂಡು ಬಂದಿದ್ದಳು. ಅದುವರೆಗೆ ಅವಳ ಕೈ ಎಂದರೆ ಲ್ಯಾಬಿನವರು ಕಣ್ಣು ಮುಚ್ಚಿ ನಂಬುತ್ತಿದ್ದರು.

ಸಂಬಳವಾದ ಮರುದಿನ ಮಧ್ಯಾಹ್ನ ಬೀಬೀಜಾನ ಕಣ್ಣು ಮುಚ್ಚಿ ಮಲಗಿದ್ದಳು. ಮನೆಯಲ್ಲಿ ಯಾವ ದನಿಯೂ ಇರಲಿಲ್ಲ. ಬಚ್ಚಲಲ್ಲಿ ನಲ್ಲಿ ಮಾತ್ರ ಸುರಿಯುತ್ತಿತ್ತು. ಬಕೆಟ್ಟು ತುಂಬಿ ಉಕ್ಕಿ ಹರಿಯುತ್ತಿರುವುದು ಕೇಳಿಸಿತು. ಕೇಳುತ್ತ ಮಲಗಿದಳು. ನಲ್ಲಿ ನಿಲ್ಲಲಿಲ್ಲ. ದಿನಕ್ಕೆ ಇಷ್ಟೇ ಹೊತ್ತು ನೀರು ಬರುವ ಬಿಲ್ಡಿಂಗಿನಲ್ಲಿ ಯಾವ ಹೆಂಗಸೂ ಹಾಗೆ ನೀರು ಬಿಡುವುದಿಲ್ಲ.

ಎದ್ದು ಹೋಗಿ ಬಾಗಿಲು ತಳ್ಳಿದಳು. ಚಿಲಕ ಹಾಕಿರಲಿಲ್ಲ. ಶಬ್ರೀನ ಬಟ್ಟೆ ಒಗೆಯುವ ಮಣೆಯ ಮೇಲೆ ಮುದುಡಿ ಕುಳಿತಿದ್ದಳು. ಕಾಲಡಿ ನೀರು ಹರಿಯುತ್ತಿತ್ತು. ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಮೊಬೈಲು. ಅತ್ತೆಯನ್ನು ನೋಡಿದಳು. ಎದ್ದೇಳಲಿಲ್ಲ, ಅಡಗಿಸಲೂ ಇಲ್ಲ.

ಬೀಬೀಜಾನ ನಲ್ಲಿ ನಿಲ್ಲಿಸಿದಳು. ಏನು ಮಾಡಬೇಕೆಂದು ತೋಚದೆ ಹೊಸ್ತಿಲ ಮೇಲೆ ಕುಕ್ಕರಿಸಿದಳು. "ಅದೇನ ನೋಡ್ತಿ, ನನಗೂ ತೋರಿಸು," ಎಂದಳು.

ಶಬ್ರೀನ ಇಯರ್‌ಫೋನು ಕಿತ್ತಳು. ಇದು ಬೇರೆ ದನಿ. ಸುಕೇಶನದಲ್ಲ, ದಪ್ಪ ಗಂಟಲಿನದು. ಎರಡು ಕೈಗಳು ಮಾತ್ರ ಕಾಣುತ್ತಿದ್ದವು. ಅವು ಪೊಟ್ಟಣದ ತುದಿ ಹಿಡಿದು ಹರಿದವು. ಒಂದು ಕಾರ್ಡು ಬಿತ್ತು. ಇನ್ನೊಂದು ಬಿತ್ತು. ಕೊನೆಯದನ್ನು ದನಿಯವನು ಬೇಕೆಂದೇ ತಡೆದು, ಬೆನ್ನು ತೋರಿಸಿ, ನಿಧಾನಕ್ಕೆ ತಿರುಗಿಸಿದ. ಆಮೆ. ಬರೀ ಆಮೆ. ಆಗ ಬೀಬೀಜಾನಳಿಗೆ ಗೊತ್ತಾಯಿತು, ತಾನೂ ಉಸಿರು ಹಿಡಿದಿದ್ದೆ ಎಂದು.

ಅವಳು ಸೊಸೆಯ ಮುಖ ನೋಡಿದಳು. ಅಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಜ್ವರ ಬಂದವರ ಕಣ್ಣು. ಅತ್ತೆ ಎದುರಿಗೇ ಕೂತಿದ್ದರೂ ಅವಳ ಹೆಬ್ಬೆರಳು ಮತ್ತೆ ಪರದೆಯ ಮೇಲೆ ದುಡ್ಡು ಕಳಿಸುವ ಜಾಗಕ್ಕೆ ಸರಿಯಿತು. ಬೀಬೀಜಾನ ಆ ಬೆರಳನ್ನು ಹಿಡಿದುಕೊಂಡಳು. ಅದು ಅವಳ ಮುಷ್ಟಿಯೊಳಗೂ ಒಮ್ಮೆ ಅಲ್ಲಾಡಿತು.

"ನಡಿ. ಬುರ್ಖಾ ಹಾಕ್ಕೋ."

"ಕಹಾಂ?"

"ಬಾಂದ್ರಾಕ. ಅಫ್ತಾಬನ ಕಡೆ."

"ಅವರು ಡ್ಯೂಟಿ ಮ್ಯಾಲೆ ಇದ್ದಾರೆ. ಸಂಜೆ ಬಂದ ಮ್ಯಾಲೆ ಹೇಳ್ತೀನಿ ಅಮ್ಮಾ. ಖುದಾ ಕಸಮ್."

"ಸಂಜೀತನಾ ತಡದ್ರ ನಿನಗ ಧೈರ್ಯ ಹೋಗತೈತಿ. ಖರೇ ಹೇಳ್ಲೇನು? ನನಗೂ ಹೋಗತೈತಿ."

ಲೋಕಲ್ ಗಾಡಿ ಹಿಡಿದು ಇಬ್ಬರೂ ದಾದರಿಗೆ ಬಂದರು. ಅಲ್ಲಿ ಗಾಡಿ ಬದಲಿಸುವಾಗ ಸೇತುವೆಯ ಮೇಲೆ ಜನ ನುಗ್ಗಿ ಬಂದಾಗ ಬೀಬೀಜಾನ ಸೊಸೆಯ ರಟ್ಟೆ ಹಿಡಿದಳು. ತಪ್ಪಿಸಿಕೊಂಡು ಹೋದಾಳು ಎಂದು ಹಿಡಿದದ್ದೋ, ತಾನೇ ಬಿದ್ದೇನು ಎಂದು ಹಿಡಿದದ್ದೋ, ಬಾಂದ್ರಾ ಬರುವವರೆಗೂ ಬಿಡಲಿಲ್ಲ. "ಅವರು ನನ್ನ ಬಿಟ್ಟರೆ?" ಎಂದಳು ಶಬ್ರೀನ ಒಮ್ಮೆ, ಕಿಟಕಿಯ ಕಡೆ ನೋಡುತ್ತ. ಬೀಬೀಜಾನ ಸಮಾಧಾನದ ಮಾತು ಹುಡುಕಿದಳು, ಒಂದೂ ಖಾತ್ರಿ ಇರಲಿಲ್ಲ. "ನಾ ಅಲ್ಲೇ ಇರ್ತೀನಿ," ಎಂದಳು.

ಅಫ್ತಾಬ ಕೆಲಸ ಮಾಡುತ್ತಿದ್ದದ್ದು ಇನ್ನೂ ಯಾರೂ ಬಂದು ಸೇರದ ಒಂದು ಹೊಸ ಆಫೀಸ್ ಬಿಲ್ಡಿಂಗಿನಲ್ಲಿ. ಬಣ್ಣದ ವಾಸನೆ ಹೋಗಿರಲಿಲ್ಲ. ಕೆಳಗಿನ ಹಾಲಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಕುರ್ಚಿಗಳು, ಏಣಿ ಹಿಡಿದ ಎಲೆಕ್ಟ್ರಿಷಿಯನ್‌ಗಳು, ರಿಜಿಸ್ಟರಿನಲ್ಲಿ ಹೆಸರು ಬರೆಯಿರಿ ಎಂದು ತಡೆಯುವ ಗಾರ್ಡು. ಗಾರ್ಡಿನ ಜೊತೆ ತಾಯಿಯ ವಾದ ಕೇಳಿ ಲಿಫ್ಟಿನ ಬಳಿಯಿಂದ ಅಫ್ತಾಬ ಓಡಿ ಬಂದ. ಮೊಣಕೈವರೆಗೂ ಗ್ರೀಸು.

"ಅಮ್ಮಾ? ಏನಾತು? ಯಾರಿಗೇನಾತು?"

"ಯಾರಿಗೂ ಏನೂ ಆಗಿಲ್ಲ. ಆಕಿ ನಿನಗೊಂದು ಮಾತು ಹೇಳಬೇಕು."

ಅವನು ಹೆಂಡತಿಯ ಮುಖ ನೋಡಿದ. ಎಷ್ಟು ದಿನದಿಂದ ಯಾವ ಮಾತನ್ನು ಕಾದು ಹೆದರಿದ್ದನೋ ಅದೇ ಕಾಲು ಬಂದು ಎದುರಿಗೆ ನಿಂತಿದೆ ಎಂಬಂತೆ ಸುತ್ತ ನೋಡಿದ. ಎಲೆಕ್ಟ್ರಿಷಿಯನ್‌ಗಳು ಏಣಿಯ ಮೇಲಿಂದಲೇ ನೋಡುತ್ತಿದ್ದರು. "ಇಲ್ಲಿ ಬ್ಯಾಡ," ಎಂದು ಲಿಫ್ಟಿನೊಳಗೆ ಇಬ್ಬರನ್ನೂ ಕರೆದ. "ಹೆಂಗೂ ಇದನ್ನ ಓಡಿಸಿ ನೋಡೂದೈತಿ." ಎಲ್ಲ ಮಾಳಿಗೆಗಳ ಗುಂಡಿಯನ್ನೂ ಒತ್ತಿದ. ಬಾಗಿಲು ಮುಚ್ಚಿತು.

"ಹೇಳು."

ಶಬ್ರೀನ ಹೇಳಿದಳು. ಮೊದಲು ಕಾರ್ಡಿನ ಮಾತು, ಆಮೇಲೆ ಲೈವಿನ ಮಾತು. ನಡುವೆ ಅವಳ ಮಾತು ನಿಂತಾಗ ಬೀಬೀಜಾನ ಸಹಾಯಕ್ಕೆ ಹೋಗಲಿಲ್ಲ.

"ಅಂದ್ರ ಯಾರೂ ಇಲ್ಲ?" ಎಂದ ಅಫ್ತಾಬ. "ಗಂಡಸು ಯಾರೂ ಇಲ್ಲ?"

"ಇಲ್ಲ."

ಅವನು ಲಿಫ್ಟಿನ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ. ನಗು ಬಂದಂತೆ ಭುಜ ಅಲ್ಲಾಡಿದವು. ಶಬ್ರೀನ ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಅವಳು ಅತ್ತೆಯ ಕಡೆ ನೋಡಿದ್ದೂ ಅದಕ್ಕೇ ಇರಬೇಕು. ಬೀಬೀಜಾನ ಬಾಗಿಲ ಮೇಲೆ ಉರಿಯುತ್ತಿದ್ದ ಅಂಕಿಯನ್ನೇ ನೋಡುತ್ತ ನಿಂತಳು.

"ಪಾಟ್ಲಿ ಇಲ್ಲ," ಎಂದಳು ಶಬ್ರೀನ. "ಇವು ನಕಲಿ. ಅಬ್ಬಾ ಅಮ್ಮಾಗ ಮಾಡಿಸಿದ್ದನ್ನ ನಾ ಮಾರೀನಿ. ಲ್ಯಾಬಿನಾಗೂ ಮುಂಗಡಾ ತಗೊಂಡೀನಿ. ಇವತ್ತೂ ಮಾಡಿದೆ. ಅಮ್ಮಾ ನೋಡಿದ್ರು. ಬಂದ್ ನಹೀ ಹೋ ರಹಾ ಮುಝಸೇ. ನನಗ ಬಿಡಾಕ ಆಗೂದಿಲ್ಲ."

ಅಫ್ತಾಬ ಕಣ್ಣು ತೆರೆದ. ಅವಳ ಮಣಿಕಟ್ಟು ಹಿಡಿದು ದೀಪದ ಕೆಳಗೆ ತಂದು ತಿರುಗಿಸಿ ನೋಡಿದ. ಬಣ್ಣ ಹೋದ ಕಡೆ ಹಿತ್ತಾಳೆ ಕಾಣುತ್ತಿತ್ತು, ಅವನ ಬೆರಳಿನ ಗ್ರೀಸು ಅವಳ ಚರ್ಮಕ್ಕೆ ಮೆತ್ತಿತು. ಆಮೇಲೆ ತಾಯಿಯ ಕಡೆ ತಿರುಗಿದ.

"ನಿನಗ ಗೊತ್ತಿತ್ತು."

"ಗೊತ್ತಿತ್ತು."

"ನಾ ಕೇಳಿದಾಗ ಗೊತ್ತಿತ್ತು?"

"ಹೂಂ."

ಅವನು ಬಾಗಿಲ ಕಡೆ ಮುಖ ತಿರುಗಿಸಿದ. ಹೆಂಡತಿಯ ಕೈ ಹಿಡಿದದ್ದನ್ನು ಮರೆತವನಂತೆ ಹಾಗೆಯೇ ಹಿಡಿದುಕೊಂಡಿದ್ದ. ಲಿಫ್ಟು ನಿಂತಿತು. ಬಾಗಿಲು ತೆರೆಯಿತು. ಆಚೆ ಉದ್ದನೆಯ ಖಾಲಿ ಕಾರಿಡಾರು, ಇನ್ನೂ ಹೆಸರು ಬರೆಯದ ಬಾಗಿಲುಗಳು. ಯಾರೂ ಇಳಿಯಲಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಮೇಲಿನ ಮಾಳಿಗೆಯಲ್ಲಿ ಮತ್ತೆ ನಿಂತಿತು, ಮತ್ತೆ ತೆರೆಯಿತು. ಅಲ್ಲಿಯೂ ಅಂಥದೇ ಕಾರಿಡಾರು, ಅದರ ತುದಿಯ ಗಾಜಿನಿಂದ ಇಳಿಬಿಸಿಲು ನೆಲದ ಧೂಳಿನ ಮೇಲೆ ಬಿದ್ದಿತ್ತು. ಧೂಳಿನಲ್ಲಿ ಯಾರ ಹೆಜ್ಜೆಯೂ ಇರಲಿಲ್ಲ. ಮೂವರೂ ಅದನ್ನೇ ನೋಡುತ್ತ ನಿಂತಿದ್ದಂತೆ ಬಾಗಿಲು ಮುಚ್ಚಿತು, ಲಿಫ್ಟು ಮೇಲೇರಿತು.